ಹೆಸರು ಹಿಡಿದು ಉಪಕಾರ ಸ್ಮರಣೆ



ವಾರ್ಷಿಕ ಸಭೆಯ ಕೊನೆಗೆ “ದುಡಿದ ಎಲ್ಲರಿಗೂ ವಂದನೆಗಳು” ಎಂದು ಒಂದೇ ಮಾತಿನಲ್ಲಿ ಮುಗಿಸುವ ರೂಢಿ ನಮ್ಮ ಸಂಘಗಳಲ್ಲಿದೆ. ಒಂದು ವರ್ಷ ಹಾಗೆ ಮುಗಿಸಿದವನು ನಾನೇ. ಆರು ವರ್ಷ ದಿನವೂ ಕೆಲಸ ಬಿಟ್ಟೊಡನೆ ಬಂದು, ವಾಚನಾಲಯದ ಬೀಗ ತೆಗೆದು, ಪತ್ರಿಕೆಗಳನ್ನು ಜೋಡಿಸಿಡುತ್ತಿದ್ದ ಗೆಳೆಯರೊಬ್ಬರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅಧ್ಯಕ್ಷರಿಗೂ ದಾನಿಗಳಿಗೂ ಹಾರ ಬಿದ್ದಿತು. ಅವರ ಹೆಸರು ಬರಲಿಲ್ಲ. ಮರುವಾರ ಬೀಗದ ಕೈಯನ್ನು ಬೇರೊಬ್ಬರ ಮೂಲಕ ಕಳುಹಿಸಿಕೊಟ್ಟರು. ಜಗಳವಿಲ್ಲ, ದೂರಿಲ್ಲ. ಹದಿನೈದು ದಿನ ವಾಚನಾಲಯದ ಬಾಗಿಲು ತೆರೆಯಲಿಲ್ಲ.

ದುಡಿದವರನ್ನು ಹೇಗೆ ಮನ್ನಿಸಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಹಳೆಯ ಪಾಠವೊಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕನ್ನಡ ಶಾಸನವದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಕಾಳಗವಾದಾಗ, ಗಂಗರ ಬೂತುಗನ ಆಳು ಮಣಲೇರನು ಶೌರ್ಯದಿಂದ ಕಾದಿದನು. ಮೆಚ್ಚಿದ ಒಡೆಯನು ಬೇಕಾದುದನ್ನು ಕೇಳೆಂದನು. ಅವನು ಕೇಳಿದ್ದು ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆ ನಡೆಯಲೆಂದು ಭೂಮಿ ಬಿಟ್ಟರು. ಒಂದು ನಾಯಿಯ ಹೆಸರೂ ಅದು ಮಾಡಿದ ಕೆಲಸವೂ ಸಾವಿರ ವರ್ಷ ಉಳಿದಿವೆ. ನಮ್ಮ ಗೆಳೆಯರ ಹೆಸರು ಒಂದು ಸಂಜೆಯ ಸಭೆಯಲ್ಲಿಯೂ ಬರಲಿಲ್ಲ!

ಈ ಕಲ್ಲಿನಿಂದ ಸಣ್ಣ ಸಂಘಗಳು ಕಲಿಯಬೇಕಾದುದು ಮೂರು.

1. ಕೇಳಿ ಕೊಡಬೇಕು. ಮಣಲೇರನಿಗೆ ಬೇಕಾದುದನ್ನು ಅವನೇ ಹೇಳಿದನು. ಒಬ್ಬರಿಗೆ ವೇದಿಕೆಯ ಮೇಲಿನ ಹಾರ ಇಷ್ಟ. ಇನ್ನೊಬ್ಬರಿಗೆ ಅದು ಸಂಕೋಚ. ಅಂಥವರಿಗೆ ವಾರಕ್ಕೊಂದು ಸಂಜೆಯ ಬಿಡುವು ಕೊಟ್ಟರೆ ಹೆಚ್ಚು ಸಂತೋಷ. ಚೆನ್ನಾಗಿ ಮಾಡಿದರೆಂದು ಇನ್ನೂ ಎರಡು ಕೆಲಸ ಹೊರಿಸುವುದು ಮನ್ನಣೆಯಲ್ಲ, ಶಿಕ್ಷೆ.

2. ಹೆಸರನ್ನೂ ಕೆಲಸವನ್ನೂ ಕೂಡಿಸಿ ಹೇಳಬೇಕು. “ಒಳ್ಳೆಯ ಸೇವೆ ಮಾಡಿದರು” ಎಂದರೆ ಯಾರಿಗಾದರೂ ಅನ್ವಯಿಸೀತು. “ಮಳೆಗಾಲದಲ್ಲಿ ಸೋರಿದ ಕಪಾಟಿನಿಂದ ಪುಸ್ತಕಗಳನ್ನು ತೆಗೆದು ಒಣಗಿಸಿದರು” ಎಂದರೆ ಅವರಿಗೇ ಸಲ್ಲುತ್ತದೆ. ಇದಕ್ಕಾಗಿ ಒಂದು ವಹಿ ಇಡಿರಿ: ತಾರೀಖು, ಹೆಸರು, ಮಾಡಿದ ಕೆಲಸ. ಸಭೆಯ ದಿನ ನೆನಪನ್ನು ನಂಬಿದರೆ ಎದುರಿಗೆ ಕುಳಿತವರ ಹೆಸರು ಮಾತ್ರ ಬಾಯಿಗೆ ಬರುತ್ತದೆ.

3. ಮುಂದಿನ ವ್ಯವಸ್ಥೆ ಮಾಡಬೇಕು. ಕಲ್ಲಿನೊಡನೆ ಭೂಮಿಯನ್ನೂ ಬಿಟ್ಟದ್ದನ್ನು ಮರೆಯಬಾರದು. ಸಂಘದ ಕೆಲಸಕ್ಕೆ ಓಡಾಡಿದವರ ರೈಲು, ಬಸ್ಸಿನ ಖರ್ಚನ್ನು ಅವರು ಕೇಳುವ ಮೊದಲೇ ಕೊಡಿರಿ. ಕಸ ಗುಡಿಸುವ ಶಿಪಾಯಿಯ ಪಗಾರ ಹೇಳಿದ ತಾರೀಖಿಗೆ ಕೈಸೇರಲಿ. ಶಾಲು ಪಗಾರಕ್ಕೆ ಬದಲಾಗದು. ಅವನನ್ನೂ ಹೆಸರು ಹಿಡಿದೇ ಕರೆಯಿರಿ.

ಆ ಗೆಳೆಯರ ಖೋಲಿಗೆ ಹೋಗಿ ನನ್ನ ತಪ್ಪು ಒಪ್ಪಿಕೊಂಡೆ. ಚಹಾ ಕೊಟ್ಟರು, ಊರಿನ ಮಾತಾಡಿದರು. ಬೀಗದ ಕೈ ಮಾತ್ರ ಮರಳಿ ತೆಗೆದುಕೊಳ್ಳಲಿಲ್ಲ. ಈಗ ಆಗಾಗ ಓದಲು ಬರುತ್ತಾರೆ. ನಮ್ಮ ವಹಿಯ ಮೊದಲನೆಯ ಪುಟದಲ್ಲಿ ಅವರ ಆರು ವರ್ಷಗಳ ಕೆಲಸವನ್ನು ಬರೆದಿಟ್ಟಿದ್ದೇನೆ. ಸಕಾಲದಲ್ಲಿ ಆಡಬೇಕಾಗಿದ್ದ ಎರಡು ಮಾತಿಗೆ ಒಂದು ಪುಟವೂ ಸಮವಾಗಲಿಲ್ಲ. ನಿಮ್ಮ ಸಂಘದಲ್ಲಿ ಬೀಗ ತೆಗೆಯುವವರು ಯಾರು? ಇಂದೇ ಅವರ ಹೆಸರು ಹಿಡಿದು ಒಂದು ಮಾತಾಡಿರಿ.