ಚಾಲನೆಗೊಳ್ಳದ ಮೋಟಾರು ಸೈಕಲ್ಲೂ ಕಾರಣವಿಚಾರವೂ

ತರ್ಕಸಂಗ್ರಹದ ಪಾಠವನ್ನು ಗುರುಮುಖೇನ ಕೇಳಿದವರಿಗೆ ಹೊಗೆ, ಬೆಂಕಿ, ಅಡುಗೆಮನೆ, ಮಡು ಇವು ಚಿರಪರಿಚಿತವಾದ ದೃಷ್ಟಾಂತಗಳು. ಕಾರ್ಯಕಾರಣಗಳ ವಿಚಾರಕ್ಕೆ ಬಂದರೆ, ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವಿಲ್ಲದಿರುವುದು ವ್ಯತಿರೇಕ. ಇಷ್ಟನ್ನು ಬಾಯಿಪಾಠ ಮಾಡಿಸಿ, ಉದಾಹರಣೆ ಕೊಟ್ಟು, ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿ ಅನೇಕ ವರ್ಷಗಳಿಂದ ತೃಪ್ತನಾಗಿದ್ದ ನನಗೆ, ಈ ಎರಡು ಪದಗಳ ಪೂರ್ಣಾರ್ಥವು ದಾಸೋಹ ಭವನದ ಹಿಂದಿನ ಕೊಟ್ಟಿಗೆಯಲ್ಲಿ, ಕೈಗೆ ಎಣ್ಣೆ ಮೆತ್ತಿಕೊಂಡಿದ್ದಾಗ ತಿಳಿಯಿತೆಂದರೆ ವಾಚಕರು ನಗಬಹುದು. ಆದರೂ ಇದ್ದುದನ್ನು ಇದ್ದಂತೆ ನಿವೇದಿಸುತ್ತೇನೆ.

ಆ ಕೊಟ್ಟಿಗೆಯಲ್ಲಿರುವ ಜಾವಾ ಮೋಟಾರು ಸೈಕಲ್ಲನ್ನು ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಭಕ್ತರೊಬ್ಬರು ಶ್ರೀಮಠಕ್ಕೆ ಅರ್ಪಿಸಿದ ಈ ವಾಹನವನ್ನೇರಿ ಅಂದಿನ ಮುಖ್ಯೋಪಾಧ್ಯಾಯರು ಸುಗ್ಗಿಯ ದಿನಗಳಲ್ಲಿ ಊರೂರು ಸುತ್ತಿ, ವಿದ್ಯಾರ್ಥಿನಿಲಯದ ಮಕ್ಕಳ ಅನ್ನಕ್ಕಾಗಿ ಜೋಳ, ರಾಗಿಗಳನ್ನು ಬೇಡಿ ತರುತ್ತಿದ್ದರು. ಹಿಂದೆ ಚೀಲ, ಮುಂದೆ ಟ್ಯಾಂಕಿನ ಮೇಲೆ ಶಾಲೆಗೆ ಸೇರಲು ಹೊರಟ ಹುಡುಗ, ಹೀಗೆ ಬಂದವರಲ್ಲಿ ಇಂದಿನ ದಾನಿಗಳೂ ಉಂಟು. ಜಾವಾ ಎಂಬುದು ಜನೆಚೆಕ್ ಮತ್ತು ವಾಂಡರರ್ ಎಂಬೆರಡು ಹೆಸರುಗಳ ಆದ್ಯಕ್ಷರಗಳಿಂದಾದ ಪದ. 1929ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಆ ಸಂಸ್ಥೆಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಇವುಗಳನ್ನು ತಯಾರಿಸಿತು. ಮುಂದೆ ಯೆಜ್ದಿ ಎಂಬ ಹೆಸರಿನಿಂದ ಪ್ರಸಿದ್ಧವಾದವೂ ಅಲ್ಲಿಯವೇ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ನಮ್ಮ ವಾಹನವೂ ಕಾಲಾನುಕ್ರಮದಲ್ಲಿ ಮೂಲೆಗೆ ಸರಿಯಿತು. ಆರು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ.

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ಸಮಾವೇಶ ಗೊತ್ತಾದಾಗ ಆಡಳಿತ ಮಂಡಳಿಯವರು ಒಂದು ನಿರ್ಣಯಕ್ಕೆ ಬಂದರು. ವಾಹನಕ್ಕೆ ಬಣ್ಣ ಬಳಿಸುವುದು. ಸಮಾವೇಶದೊಳಗೆ ಚಾಲನೆಗೊಂಡರೆ ಇರಿಸಿಕೊಳ್ಳುವುದು, ಇಲ್ಲವಾದರೆ ಗುಜರಿಯವನಿಗೆ ತೂಕಕ್ಕೆ ಹಾಕುವುದು. ಹಿಂದೆ ಇದೇ ಬಗೆಯ ವಾಹನವನ್ನು ಕೆಲಕಾಲ ಇಟ್ಟುಕೊಂಡಿದ್ದೆನೆಂಬ ಧೈರ್ಯದಿಂದ, ಎರಡು ಭಾನುವಾರಗಳ ಅವಕಾಶ ಕೊಡಬೇಕೆಂದು ನಾನು ಕೇಳಿಕೊಂಡೆ.

ಪ್ರಕೃತ ವಿಷಯ ಅರ್ಥವಾಗಲು ಯಂತ್ರದ ವ್ಯಾಪಾರವನ್ನು ಸ್ವಲ್ಪ ಹೇಳಬೇಕು. ಇದು ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್ ಎಂಜಿನ್ನು. ಇದರ ಸಿಲಿಂಡರಿಗೆ ತೆರೆದು ಮುಚ್ಚುವ ವಾಲ್ವುಗಳಿಲ್ಲ; ಪಿಸ್ಟನ್ ತಾನೇ ಮೇಲೆ ಕೆಳಗೆ ಚಲಿಸುತ್ತ ದ್ವಾರಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಮೇಲೇರುವಾಗ ಕೆಳಗಿನ ಕೋಶಕ್ಕೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಸೆಳೆದುಕೊಳ್ಳುತ್ತದೆ. ಇಳಿಯುವಾಗ ಅದನ್ನೇ ಮೇಲಣ ಸಿಲಿಂಡರಿಗೆ ತಳ್ಳುತ್ತದೆ. ಕೆಳಗಿನ ಭಾಗಕ್ಕೆ ಬೇರೆ ಎಣ್ಣೆಯಿಲ್ಲದ ಕಾರಣ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. 25ಕ್ಕೆ 1ರ ಪ್ರಮಾಣವೆಂದರೆ ಲೀಟರಿಗೆ 40 ಮಿಲಿಲೀಟರ್. ಮಿಶ್ರಣವು ಒತ್ತಲ್ಪಟ್ಟ ಸಮಯಕ್ಕೆ ಸರಿಯಾಗಿ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಆ ಕಿಡಿಯ ಮೂಲ 6 ವೋಲ್ಟಿನ ಬ್ಯಾಟರಿ. ಪಾಯಿಂಟುಗಳೆಂಬ ಎರಡು ಸಣ್ಣ ಲೋಹದ ತುಟಿಗಳು ಕೂಡಿರುವಾಗ ಕಾಯಿಲಿನಲ್ಲಿ ವಿದ್ಯುತ್ ಹರಿಯುತ್ತದೆ. ಅವು ಬಿಡಿಸಿಕೊಂಡ ಕ್ಷಣದಲ್ಲಿ ಸಾವಿರಾರು ವೋಲ್ಟುಗಳ ಒತ್ತಡವುಂಟಾಗಿ ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. ಹೀಗೆ ಮಿಶ್ರಣ, ಕಿಡಿ, ಒತ್ತಡ ಈ ಮೂರೂ ಕೂಡಿದರೆ ಚಾಲನೆಯೆಂಬ ಕಾರ್ಯ.

ಮೊದಲ ಭಾನುವಾರ ಹೊಸ ಬ್ಯಾಟರಿಯನ್ನು ಜೋಡಿಸಿ, ಹೊಸ ಪೆಟ್ರೋಲು ಹಾಕಿ, ಎಡಬದಿಯ ಗೇರಿನ ಸನ್ನೆಯನ್ನು ಒತ್ತಿ ಮೇಲೆತ್ತಿದೆ. ಈ ವಾಹನದಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಸನ್ನೆ. ಇಪ್ಪತ್ತು ಬಾರಿ ಒದ್ದರೂ ಉಸಿರಿಲ್ಲ. ಪ್ಲಗ್ಗು ಕರಿಹಿಡಿದಿತ್ತು, ಹೊಸದನ್ನು ಹಾಕಿದೆ. ಚಾಲನೆಯಾಗಲಿಲ್ಲ. ಆದ್ದರಿಂದ ದೋಷ ಪ್ಲಗ್ಗಿನದಲ್ಲವೆಂದು ತೀರ್ಮಾನಿಸಿದೆ. ಕಾರ್ಬ್ಯುರೇಟರನ್ನು ಬಿಚ್ಚಿದರೆ ಒಳಗೆ ಹಳೆಯ ಪೆಟ್ರೋಲು ಅಂಟಿನಂತೆ ಗಟ್ಟಿಯಾಗಿತ್ತು. ಜೆಟ್ಟಿನ ಕಿಂಡಿಯನ್ನೂದಿ ಶುದ್ಧಿಮಾಡಿದೆ. ಚಾಲನೆಯಾಗಲಿಲ್ಲ, ಅದರದೂ ದೋಷವಲ್ಲವೆಂದುಕೊಂಡೆ. ಪಾಯಿಂಟುಗಳಿಗೆ ಕಿಲುಬು ಹಿಡಿದಿತ್ತು. ಉಪ್ಪುಕಾಗದದಿಂದ ಉಜ್ಜಿ, ಅಂತರವನ್ನು ಕಣ್ಣಳತೆಯಿಂದ ಹೊಂದಿಸಿದೆ. ಆಗಲೂ ಇಲ್ಲ. ಸಂಜೆಯ ವೇಳೆಗೆ ನನ್ನ ಲೆಕ್ಕದಲ್ಲಿ ಸಕಲವೂ ನಿರ್ದೋಷ, ವಾಹನ ಮಾತ್ರ ನಿಶ್ಚಲ. ಸಿಲಿಂಡರೇ ಸವೆದುಹೋಗಿದೆ, ಗುಜರಿಗೆ ಹಾಕಬಹುದೆಂದು ಮಂಡಳಿಯವರಿಗೆ ಬರೆಯಲು ಕಾಗದವನ್ನು ಕೈಗೆತ್ತಿಕೊಂಡೆನೆಂಬುದನ್ನು ಮರೆಮಾಚುವುದಿಲ್ಲ.

ಆ ಕಾಗದ ಬರೆಯುವ ಮೊದಲು ಪೇಟೆಯ ವೃದ್ಧ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ಬಂದವರೇ ಒದೆಯಲೂ ಇಲ್ಲ, ಬಿಚ್ಚಲೂ ಇಲ್ಲ. "ಪಂಡಿತರೇ, ದೀಪ ಹಾಕಿ ನೋಡಿದಿರಾ?" ಎಂದರು. ನೋಡಿರಲಿಲ್ಲ. ಹಾಕಿದರೆ, ಹೊಸ ಬ್ಯಾಟರಿಯಿದ್ದೂ ದೀಪ ಎಣ್ಣೆ ತೀರಿದ ಹಣತೆಯಂತೆ ಮಿಣುಕಿತು. ಅವರು ಬ್ಯಾಟರಿಯಿಂದ ಚೌಕಟ್ಟಿಗೆ ಬರುವ ಅರ್ಥಿಂಗ್ ತಂತಿಯ ಬೋಲ್ಟನ್ನು ಕಳಚಿ, ಅದರ ಅಡಿಯಲ್ಲಿದ್ದ ಹೊಸ ಬಣ್ಣವನ್ನು ಕಬ್ಬಿಣ ಹೊಳೆಯುವವರೆಗೆ ಚಾಕುವಿನಿಂದ ಕೆರೆದರು. ಸಮಾವೇಶಕ್ಕೆಂದು ನಾವು ಬಳಿಸಿದ ಬಣ್ಣವೇ ವಿದ್ಯುತ್ತಿನ ದಾರಿಗೆ ಅಡ್ಡವಾಗಿತ್ತು! ದೀಪ ಬೆಳಗಿತು. ಆಮೇಲೆ ಪ್ಲಗ್ಗನ್ನು ಕಳಚಿ, ತಂತಿಗೆ ಸಿಕ್ಕಿಸಿ, ಪೆಟ್ರೋಲಿನ ಆವಿಯಿಂದ ದೂರವಾಗಿ ಸಿಲಿಂಡರಿನ ಲೋಹಕ್ಕೆ ತಾಗಿಸಿ ನನ್ನಿಂದ ಒದೆಸಿದರು. ಕಿಡಿಯಿಲ್ಲ. ಪಾಯಿಂಟುಗಳ ನಡುವೆ ಅಳತೆಯ ತಗಡನ್ನು ತೂರಿಸಲು ನೋಡಿದರೆ ಅದು ಹೋಗಲೇ ಇಲ್ಲ. ನನ್ನ ಕಣ್ಣಳತೆಯಲ್ಲಿ ಅವು ತೆರೆಯುತ್ತಲೇ ಇರಲಿಲ್ಲ. ಅಂದರೆ ಹಳೆಯ ದೋಷವೊಂದನ್ನು ತೆಗೆಯಹೋಗಿ ನಾನೇ ಹೊಸದೊಂದನ್ನು ಕೂಡಿಸಿದ್ದೆ. ಅವರು 0.4 ಮಿಲಿಮೀಟರಿಗೆ ಹೊಂದಿಸಿದರು. ನೀಲಿಯ ಕಿಡಿ ಚಟಕ್ಕನೆ ಹಾರಿತು.

ನನ್ನ ತರ್ಕ ಎಲ್ಲಿ ಎಡವಿತೆಂಬುದನ್ನು ಅಂದು ರಾತ್ರಿ ಯೋಚಿಸಿದೆ. ಗಡಿಗೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಣ್ಣು, ತಿಗರಿ, ಕೋಲು, ಕುಂಬಾರ ಇವೆಲ್ಲ ಕೂಡಿದರೆ ಗಡಿಗೆ. ಈ ಕೂಟಕ್ಕೆ ಶಾಸ್ತ್ರದಲ್ಲಿ ಕಾರಣಸಾಮಗ್ರಿಯೆಂದು ಹೆಸರು. ಗಡಿಗೆಯಾಗಲಿಲ್ಲವೆಂಬ ಒಂದೇ ಸಂಗತಿಯಿಂದ ಮಣ್ಣಿಲ್ಲವೋ ತಿಗರಿಯಿಲ್ಲವೋ ತಿಳಿಯದು. ತಿಗರಿಯೂ ಕೋಲೂ ಎರಡೂ ಇಲ್ಲದಿರುವಲ್ಲಿ ತಿಗರಿಯೊಂದನ್ನು ತಂದಿಟ್ಟು, ಗಡಿಗೆಯಾಗಲಿಲ್ಲವೆಂದು ತಿಗರಿಗೂ ಗಡಿಗೆಗೂ ಸಂಬಂಧವಿಲ್ಲವೆನ್ನುವುದು ಎಂಥ ಪ್ರಮಾದ! ನಾನು ಮಾಡಿದ್ದು ಅದನ್ನೇ. ಪ್ಲಗ್ಗು, ಕಾರ್ಬ್ಯುರೇಟರ್, ಪಾಯಿಂಟು ಮೂರೂ ನಿಜವಾಗಿ ದೋಷಯುಕ್ತವಾಗಿದ್ದವು. ಪ್ರತಿಯೊಂದನ್ನೂ ಸರಿಪಡಿಸಿದಾಗ ಕಾರ್ಯವನ್ನು, ಅಂದರೆ ಚಾಲನೆಯನ್ನು ನೋಡಿದೆನೇ ಹೊರತು ಆಯಾ ಕಾರಣವನ್ನು ನೋಡಲಿಲ್ಲ. ಮೇಸ್ತ್ರಿಯವರಾದರೋ ಚಾಲನೆಯ ಯೋಚನೆಯನ್ನೇ ಬಿಟ್ಟು, ವಿದ್ಯುತ್ ಬಂದಿದೆಯೇ ಎಂಬುದನ್ನು ದೀಪದಿಂದ, ಕಿಡಿ ಇದೆಯೇ ಎಂಬುದನ್ನು ಕಣ್ಣಿನಿಂದ, ಒಂದೊಂದನ್ನೂ ಅದರದರ ಸ್ಥಾನದಲ್ಲಿ ಪ್ರತ್ಯಕ್ಷಮಾಡಿಕೊಂಡರು. ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಯೊಬ್ಬ ನಪಾಸಾದಾಗಲೂ ನಾವು ಫಲವನ್ನಷ್ಟೇ ನೋಡಿ ಕಾರಣ ಹೇಳುವುದುಂಟು. ಅದು ಬೇರೆ ಲೇಖನದ ಮಾತು.

ಇನ್ನು ಮಿಶ್ರಣದ ಪರೀಕ್ಷೆ. ಒದ್ದು ಒದ್ದು ತೆಗೆದ ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ತೊಯ್ದಿದ್ದರೆ ಪೆಟ್ರೋಲು ಬಂದಿದೆ, ಕಿಡಿ ತಪ್ಪಿದೆ, ಅಥವಾ ಪೆಟ್ರೋಲು ಅತಿಯಾಗಿದೆ. ನಮ್ಮದು ತೊಯ್ದಿತ್ತು. ದಿನವಿಡೀ ಒದ್ದ ಫಲವಾಗಿ ಒಳಗೆ ಪೆಟ್ರೋಲು ತುಂಬಿಕೊಂಡಿತ್ತು. ನಲ್ಲಿಯನ್ನು ಮುಚ್ಚಿ, ಪ್ಲಗ್ಗಿಲ್ಲದೆಯೇ ಹತ್ತಾರು ಬಾರಿ ಒದ್ದು ಒಳಗಣ ಆವಿಯನ್ನು ಹೊರಹಾಕಿ, ಒರೆಸಿದ ಪ್ಲಗ್ಗನ್ನು ಮರಳಿ ಬಿಗಿದೆವು. ಮೂರನೆಯ ಒದೆತಕ್ಕೆ ಎರಡೂ ಸೈಲೆನ್ಸರುಗಳಿಂದ ನೀಲಿಹೊಗೆ ಉಗುಳಿ ಯಂತ್ರ ಚಾಲನೆಗೊಂಡಿತು. ವಿದ್ಯಾರ್ಥಿನಿಲಯದ ಮಕ್ಕಳು ಊಟದ ತಟ್ಟೆಗಳನ್ನು ಹಿಡಿದೇ ಓಡಿಬಂದರು.

ಇಂಥ ವಾಹನವನ್ನು ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ಇನ್ನು ಕೆಲವು ಮಾತು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ; ಅದು ಕಟ್ಟಿಕೊಂಡರೆ ಯಂತ್ರ ಸ್ವಲ್ಪ ಓಡಿ ನಿಲ್ಲುತ್ತದೆ, ಮುಚ್ಚಳ ತೆರೆದರೆ ಮತ್ತೆ ಓಡುತ್ತದೆ. ಬಹುಕಾಲ ನಿಂತ ವಾಹನದ ಸೈಲೆನ್ಸರಿನ ಬಾಯಲ್ಲಿ ಕುಂಬಾರ ಹುಳು ಗೂಡು ಕಟ್ಟಿರುವುದೂ ಉಂಟು. ಹೊಗೆ ಹೊರಗೆ ಹೋಗದೆ ಹೊಸ ಮಿಶ್ರಣ ಒಳಗೆ ಬಾರದು. ಬಯಲಿನಲ್ಲಿ ಕಿಡಿ ಕೊಟ್ಟ ಪ್ಲಗ್ಗು ಸಿಲಿಂಡರಿನೊಳಗಣ ಒತ್ತಡದಲ್ಲಿ ಕಿಡಿ ಕೊಡದಿರಬಹುದು, ಏಕೆಂದರೆ ಒತ್ತಿದ ಗಾಳಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟು ಬೇಕು. ಪ್ರತ್ಯಕ್ಷವೂ ಮೋಸಮಾಡುವ ಪ್ರಸಂಗವಿದು. ಸಂದೇಹವಿದ್ದಲ್ಲಿ ಓಡುತ್ತಿರುವ ಇನ್ನೊಂದು ವಾಹನದ ಪ್ಲಗ್ಗನ್ನು, ಅದೇ ಬಗೆಯದಾದರೆ, ಹಾಕಿ ನೋಡಬೇಕು. ಸಿಲಿಂಡರಿನ ಒತ್ತಡವನ್ನು ಪ್ಲಗ್ಗಿನ ತೂತಿಗೆ ಹೆಬ್ಬೆರಳನ್ನು ಒತ್ತಿ ಹಿಡಿದು ಒದ್ದರೆ ತಿಳಿಯಬಹುದು, ಬೆರಳು ತಳ್ಳಲ್ಪಡಬೇಕು. ಆಗ ಸ್ವಿಚ್ಚು ಮುಚ್ಚಿರಲಿ. ನಾನು ಸಿಲಿಂಡರಿಗೆ ಹೊರಿಸಹೊರಟ ಅಪವಾದವನ್ನು ಈ ಅರೆನಿಮಿಷದ ಪರೀಕ್ಷೆಯೇ ನಿವಾರಿಸುತ್ತಿತ್ತು.

ಪೆಟ್ರೋಲಿನ ವಿಷಯದಲ್ಲಿ ಈಗ ಹೊಸ ಎಚ್ಚರಿಕೆ ಬೇಕು. 2025ರ ವೇಳೆಗೆ ದೇಶದಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಳಕೆಗೆ ಬಂದಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರಿನ ಭಾಗಗಳನ್ನೂ ಕೆಡಿಸಬಲ್ಲುದು. ಆದಕಾರಣ ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನೊಳಗಿನದು ತೀರುವವರೆಗೆ ಯಂತ್ರವನ್ನು ಓಡಿಸಿ ನಿಲ್ಲಿಸಬೇಕು. ಬ್ಯಾಟರಿಯ ತಂತಿಯನ್ನು ಕಳಚಬೇಕು.

ಸಮಾವೇಶದ ದಿನ ವಾಹನವು ಮಹಾದ್ವಾರದಿಂದ ಸಭಾಮಂಟಪದವರೆಗೆ ಓಡಿತು. ಗುಜರಿಯ ಮಾತನ್ನು ಮಂಡಳಿಯವರು ಮತ್ತೆ ಎತ್ತಿಲ್ಲ. ಮೇಸ್ತ್ರಿಯವರು ಕೂಲಿಯೆಂದು ತೆಗೆದುಕೊಂಡದ್ದು ಒಂದು ಊಟ ಮಾತ್ರ. ಅರ್ಥಿಂಗ್ ತಂತಿಯ ಅಡಿಯಲ್ಲಿ ಕೆರೆದ ಜಾಗ ಇಂದಿಗೂ ಕಣ್ಣಿಗೆ ಒಡೆದು ಕಾಣುತ್ತದೆ. ಸೌಂದರ್ಯದೃಷ್ಟಿಯಿಂದ ಯಾರೂ ಅಲ್ಲಿಗೆ ಬಣ್ಣ ಹಚ್ಚಕೂಡದೆಂದು ಕೊಟ್ಟಿಗೆಯ ಬಾಗಿಲ ಮೇಲೆ ದಪ್ಪಕ್ಷರಗಳಲ್ಲಿ ಬರೆದು ಅಂಟಿಸಿದ್ದೇನೆ.