ಗಂಗೆಯ ಕಮರಿಯಲ್ಲಿ ರಬ್ಬರ್ ತೆಪ್ಪ

ಹೃಷೀಕೇಶದಿಂದ ಗಂಗೆಯ ಮೇಲ್ಗಡೆಗೆ ಸುಮಾರು 16 ಕಿಲೋಮೀಟರು ಹೋದರೆ ಶಿವಪುರಿ ಎಂಬ ಸಣ್ಣ ಊರು ಸಿಗುತ್ತದೆ. ಬದರಿಯ ಹೆದ್ದಾರಿಯಿಂದ ಇಳಿದು ಮರಳದಂಡೆಗೆ ಬಂದಾಗ ನಮ್ಮ ಕಣ್ಣಿಗೆ ಮೊದಲು ಬಿದ್ದುದು ನದಿಯಲ್ಲ. ಗಾಳಿ ತುಂಬಿ ಬಿಗಿದಿದ್ದ, ಹದಿನಾಲ್ಕು ಅಡಿ ಉದ್ದದ ಒಂದು ರಬ್ಬರ್ ತೆಪ್ಪ. ಅದರ ಪಕ್ಕದಲ್ಲಿದ್ದ ಗಢವಾಲಿ ತರುಣನೇ ಅಂದಿನ ನಮ್ಮ ಅಂಬಿಗ. ನೀರಿಗಿಳಿಯುವುದಕ್ಕೆ ಮೊದಲು ಆತನು ನಮ್ಮೆಂಟು ಮಂದಿಯನ್ನೂ ಮರಳಿನ ಮೇಲಿದ್ದ ತೆಪ್ಪದಲ್ಲಿಯೇ ಕೂರಿಸಿ ಅರ್ಧ ಗಂಟೆ ಪಾಠ ಹೇಳಿದನು. ಮುಂದಕ್ಕೆ ಹುಟ್ಟು ಹಾಕಿ, ಹಿಂದಕ್ಕೆ ಹಾಕಿ, ನಿಲ್ಲಿಸಿ, ಒಳಗೆ ಕುಸಿದು ಹಗ್ಗ ಹಿಡಿಯಿರಿ, ಬಂಡೆಯ ಕಡೆಗೆ ವಾಲಿ, ಹೀಗೆ ಐದಾರು ಆಜ್ಞೆಗಳು. ಕಡೆಯಲ್ಲಿ, ನಮ್ಮ ಗುಂಪಿನಲ್ಲಿದ್ದ ಕಾಲೇಜು ವಿದ್ಯಾರ್ಥಿಯೊಬ್ಬನನ್ನು, "ಭಾಯಿಸಾಹೇಬ್, ನೀರಿಗೆ ಬಿದ್ದರೆ ಏನು ಮಾಡುತ್ತೀರಿ?" ಎಂದು ಕೇಳಿದನು. ಹುಡುಗನು ಚೆನ್ನಾಗಿ ಈಜಬಲ್ಲವನು. "ದಡದ ಕಡೆಗೆ ಈಜುತ್ತೇನೆ; ಕಾಲಿಗೆ ನೆಲ ಸಿಕ್ಕಿದ ಕೂಡಲೇ ಎದ್ದು ನಿಲ್ಲುತ್ತೇನೆ" ಎಂದನು. ಅಂಬಿಗನು ತಲೆಯಾಡಿಸಿ, "ಅದೊಂದನ್ನು ಮಾತ್ರ ಮಾಡಬೇಡಿ" ಎಂದನು.

ಆ ಆಜ್ಞೆಗಳಲ್ಲಿ ಹೆಚ್ಚಿನವು ನಮ್ಮ ಸಹಜಬುದ್ಧಿಗೆ ವಿರುದ್ಧವಾಗಿ ತೋರುವುವು. ಎದುರಿಗೆ ಅಲೆ ಬಂದಾಗ ಕೈಬಿಟ್ಟು ಕೂರಬೇಕೆನ್ನಿಸುತ್ತದೆ. ಅಂಬಿಗನು ಹುಟ್ಟು ಹಾಕೆನ್ನುತ್ತಾನೆ. ಬಂಡೆ ಬಂದಾಗ ದೂರ ಸರಿಯಬೇಕೆನ್ನಿಸುತ್ತದೆ. ಆತನು ಅದರ ಮೇಲೆಯೇ ಬೀಳೆನ್ನುತ್ತಾನೆ. ಇವು ಆತನ ಮನಸ್ಸಿಗೆ ತೋಚಿದ ಮಾತುಗಳಲ್ಲ. ಒಂದೊಂದರ ಹಿಂದೆಯೂ ಹರಿಯುವ ನೀರಿನ ಒಂದು ನಿಯಮವಿದೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ವಿಚಾರಿಸೋಣ.

ಅಲಕನಂದಾ, ಭಾಗೀರಥಿಗಳು ದೇವಪ್ರಯಾಗದಲ್ಲಿ ಕೂಡಿದ ಮೇಲೆ ಆ ನದಿಗೆ ಗಂಗೆಯೆಂಬ ಹೆಸರು. ಅಲ್ಲಿಂದ ಹೃಷೀಕೇಶದವರೆಗೆ ಅದು ಬೆಟ್ಟಗಳ ನಡುವೆ ಇಕ್ಕಟ್ಟಾದ ಕಮರಿಯಲ್ಲಿಯೇ ಹರಿಯುತ್ತದೆ. ಇದೇ ಕಮರಿಯಲ್ಲಿ 1977ರಲ್ಲಿ ಎಡ್ಮಂಡ್ ಹಿಲರಿಯವರ ತಂಡವು ಯಂತ್ರದೋಣಿಗಳಲ್ಲಿ, ಪ್ರವಾಹಕ್ಕೆದುರಾಗಿ, ಸಮುದ್ರದ ಕಡೆಯಿಂದ ಮೇಲೇರಿ ಹೋಗಿತ್ತು. ನಂದಪ್ರಯಾಗದ ಬಳಿ ಒಂದು ಜಲಪಾತವು ಅವರ ದೋಣಿಗಳನ್ನು ತಡೆಯಿತು. ನಮ್ಮಂಥವರು ನೀರಿನೊಡನೆ ಇಳಿದು ಬರುವುದರಲ್ಲಿಯೇ ತೃಪ್ತರಾಗಬೇಕು. ಅದಕ್ಕೂ ಕಾಲವುಂಟು: ಮಳೆಗಾಲದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತೆಪ್ಪಗಳನ್ನು ಬಿಡುವುದಿಲ್ಲ.

ಕಮರಿಯ ಹೊಳೆಯು ಒಂದೇ ಸಮನಾಗಿ ಇಳಿಯುವುದಿಲ್ಲವೆಂಬುದನ್ನು ಮೊದಲು ಗಮನಿಸಬೇಕು. ಬಹುದೂರ ಅದು ಮಡುವಿನಂತೆ ಮೆಲ್ಲಗೆ ಸಾಗಿ, ಆಮೇಲೆ ನೂರಿನ್ನೂರು ಮೀಟರಿನೊಳಗೆ ಒಮ್ಮೆಲೇ ಇಳಿದು ನೊರೆಗಟ್ಟುತ್ತದೆ. ಇಂಥ ರಭಸದ ಇಳುಕಲುಗಳಿಗೆ ಇಂಗ್ಲಿಷಿನಲ್ಲಿ ರ್ಯಾಪಿಡ್ ಎನ್ನುವರು. ಇಳುಕಲು ಇದ್ದಲ್ಲಿ ಪಕ್ಕದ ಬೆಟ್ಟವನ್ನು ನೋಡಿದರೆ ಎಷ್ಟೋ ವೇಳೆ ಅಲ್ಲೊಂದು ಕೊರಕಲು ಹಳ್ಳ ಬಂದು ಸೇರಿರುವುದು ಕಾಣುತ್ತದೆ. ಆ ಹಳ್ಳವು ಬಿರುಮಳೆಯಲ್ಲಿ ಮಣ್ಣನ್ನೂ ಬಂಡೆಗಳನ್ನೂ ಹೊತ್ತು ತಂದು ಹೊಳೆಯ ಪಾತ್ರಕ್ಕೆ ಸುರಿಯುತ್ತದೆ. ದೊಡ್ಡ ಹೊಳೆ ಸಣ್ಣ ಕಲ್ಲುಗಳನ್ನು ಒಯ್ಯುತ್ತದೆ, ಹೆಬ್ಬಂಡೆಗಳನ್ನು ಒಯ್ಯಲಾರದು. ಅವು ಅಡ್ಡಗಟ್ಟೆಯಾಗಿ ಉಳಿಯುತ್ತವೆ. ಮೇಲ್ಗಡೆಯಲ್ಲಿ ಮಡು, ಗಟ್ಟೆಯ ಮೇಲೆ ಇಳುಕಲು. ಇಂಥ ಇಳುಕಲೊಂದು ಹುಟ್ಟಿದ ಕಾಲವನ್ನು ಕೂಡ ನಾವು ಬಲ್ಲೆವು. ಅಮೆರಿಕದ ಕೊಲರಾಡೋ ನದಿಯ ಮಹಾಕಮರಿಯಲ್ಲಿ ಕ್ರಿಸ್ಟಲ್ ಎಂಬ ಹಳ್ಳ ಸೇರುವಲ್ಲಿ 1966ರ ಡಿಸೆಂಬರಿನವರೆಗೆ ಹೇಳಿಕೊಳ್ಳುವಂಥ ರಭಸವಿರಲಿಲ್ಲ. ಆ ತಿಂಗಳ ಬಿರುಮಳೆಯಲ್ಲಿ ಹಳ್ಳವು ತಂದು ಸುರಿದ ಬಂಡೆಗಳಿಂದ ಅದು ಆ ನದಿಯ ಅತಿ ಕಠಿನವಾದ ಇಳುಕಲುಗಳಲ್ಲಿ ಒಂದಾಯಿತು.

ನಾವು ತೆಪ್ಪವನ್ನು ನೀರಿಗೆ ನೂಕಿದೆವು. ಅಂಬಿಗನು ಹಿಂತುದಿಯಲ್ಲಿ ಕುಳಿತು ತನ್ನ ಹುಟ್ಟನ್ನೇ ಚುಕ್ಕಾಣಿಯಾಗಿ ಹಿಡಿದನು. ನೀರಿನ ಹೊಡೆತ ಒಳಕ್ಕೆ ಬಂದರೆ ಮೊಗೆದು ಚೆಲ್ಲುವ ಕೆಲಸವಿಲ್ಲ. ಗಾಳಿ ತುಂಬಿದ ತಳವು ಹೊಳೆಯ ಮಟ್ಟಕ್ಕಿಂತ ಮೇಲಿರುವುದರಿಂದ ಒಳಗೆ ಬಂದ ನೀರು ಅಂಚಿನ ತೂತುಗಳಿಂದ ತಾನಾಗಿಯೇ ಹೊರಕ್ಕೆ ಹೋಗುತ್ತದೆ. ನಮ್ಮ ಹರಿಗೋಲುಗಳನ್ನು ಕಟ್ಟುವವರು ನೋಡಿದರೆ ಮೆಚ್ಚುವಂಥ ಉಪಾಯವಿದು.

ಮೊದಲನೆಯ ದೊಡ್ಡ ಇಳುಕಲಿನ ಹೆಸರು ರೋಲರ್ ಕೋಸ್ಟರ್. ಪುಣ್ಯನದಿಯ ನೀರಿಗೆ ಇಂಥ ಹೆಸರೇ ಎಂದು ನಮಗೆ ಸ್ವಲ್ಪ ಬೇಸರವಾದರೂ, ಹೆಸರು ತಕ್ಕುದಾಗಿಯೇ ಇದೆಯೆಂದು ಒಪ್ಪಬೇಕು. ದೂರದಿಂದ ಅಂಬಿಗನು ಹುಟ್ಟಿನ ತುದಿಯಿಂದ ತೋರಿಸಿದ್ದು ನೊರೆಯನ್ನಲ್ಲ, ನೊರೆಯ ನಡುವೆ ನುಣುಪಾಗಿ, ಕಪ್ಪಾಗಿ ಚಾಚಿದ್ದ ಒಂದು ನಾಲಗೆಯನ್ನು. ಎರಡು ಅಡ್ಡಿಗಳ ನಡುವೆ ಆಳವಾದ ನೀರು ಹಾದುಹೋಗುವಾಗ, ಎರಡು ಬದಿಯ ನೊರೆಗೆರೆಗಳು ಮುಂದೆ ಕೂಡಿಕೊಂಡು, ಕೆಳಗಡೆಗೆ ಮೊನೆಮಾಡಿದ ತ್ರಿಕೋನವಾಗುತ್ತದೆ. ಅದೇ ದಾರಿ. ಮೊನೆಯು ಮೇಲ್ಗಡೆಗೆ, ನಮ್ಮ ಕಡೆಗೆ ಇದ್ದರೆ ಆ ಮೊನೆಯಲ್ಲಿಯೇ ಒಂದು ಬಂಡೆ ಅಡಗಿದೆಯೆಂದು ತಿಳಿಯಬೇಕು.

ನಾಲಗೆ ಮುಗಿದಲ್ಲಿ ಒಂದರ ಹಿಂದೊಂದು ಅಲೆಗಳು. ಸಮುದ್ರದಲ್ಲಿ ಅಲೆಯು ಮುಂದೆ ಹೋಗುತ್ತದೆ, ನೀರು ಹೆಚ್ಚು ಕಡಿಮೆ ಇದ್ದಲ್ಲಿಯೇ ಇರುತ್ತದೆ. ಇಲ್ಲಿ ಅದಕ್ಕೆ ತಿರುವುಮುರುವು: ನೀರು ಹೋಗುತ್ತದೆ, ಅಲೆ ನಿಂತಿರುತ್ತದೆ. ಅಲೆಯು ತನ್ನಷ್ಟಕ್ಕೆ ಮೇಲ್ಗಡೆಗೆ ಓಡುತ್ತಲೇ ಇದೆ. ಅದೇ ವೇಗದಿಂದ ಹೊಳೆಯು ಅದನ್ನು ಕೆಳಕ್ಕೆ ಒಯ್ಯುತ್ತಿದೆ. ಆದುದರಿಂದ ದಡದಲ್ಲಿರುವವನಿಗೆ ಅದು ನಿಂತಂತೆ ಕಾಣುತ್ತದೆ. ನೀರು ಸಾಕಷ್ಟು ಆಳವಾಗಿದ್ದರೆ ಈ ಅಲೆಯ ಉದ್ದವನ್ನು ಲೆಕ್ಕ ಹಾಕುವುದು ಸುಲಭ. ಸೆಕೆಂಡಿಗೆ ಇಷ್ಟು ಮೀಟರು ಎಂಬ ವೇಗದ ವರ್ಗವನ್ನು 0.64ರಿಂದ ಗುಣಿಸಿದರೆ ಮೀಟರುಗಳಲ್ಲಿ ಉದ್ದ ಬರುತ್ತದೆ. ವೇಗ 3 ಆದರೆ ಅಲೆ 6 ಮೀಟರಿಗೆ ತುಸು ಕಡಿಮೆ. 4 ಆದರೆ 10 ಮೀಟರಿಗೆ ಮೇಲು. ನಮ್ಮ ತೆಪ್ಪದ ಉದ್ದ ನಾಲ್ಕೂಕಾಲು ಮೀಟರು. ಅದಕ್ಕಾಗಿಯೇ ಅದು ಒಂದೊಂದು ಅಲೆಯನ್ನೂ ಬೇರೆಬೇರೆಯಾಗಿ ಹತ್ತಿ ಇಳಿಯಿತು. ನಾವು ಎಂಟು ಮಂದಿಯೂ ನೆನೆದೆವು, ಕಿರುಚಿದೆವು, ಅಪಾಯವೇನೂ ಆಗಲಿಲ್ಲ. ಇಂಥ ಅಲೆಗಳು ನೋಡುವುದಕ್ಕೆ ಭಯಂಕರ. ತೆಪ್ಪವು ನೇರವಾಗಿ ನುಗ್ಗುತ್ತಿದ್ದರೆ ಸಾಮಾನ್ಯವಾಗಿ ನಿರಪಾಯ.

ಕೇಡು ಬೇರೊಂದು ಕಡೆಯಲ್ಲಿದೆ. ಅದನ್ನು ತಿಳಿಯಲು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿರಿ. ಊಟದ ತಟ್ಟೆಯೊಂದನ್ನು ಬೋರಲಾಗಿ ಇರಿಸಿ, ನಲ್ಲಿಯ ಸಣ್ಣ ಧಾರೆ ಅದರ ನಡುವೆ ಬೀಳುವಂತೆ ಮಾಡಿರಿ. ಧಾರೆಯ ಸುತ್ತ ನೀರು ತೆಳುವಾಗಿ, ನುಣುಪಾಗಿ, ವೇಗವಾಗಿ ಹರಡುತ್ತದೆ. ಸ್ವಲ್ಪ ದೂರದಲ್ಲಿ ಥಟ್ಟನೆ ಉಂಗುರದಂತೆ ದಪ್ಪಗಾಗಿ ನಿಧಾನವಾಗುತ್ತದೆ. ಆಳವಿಲ್ಲದ ನೀರಿನಲ್ಲಿ ಸಣ್ಣ ಅಲೆಯ ವೇಗವು ಆಳವನ್ನು ಅನುಸರಿಸಿರುತ್ತದೆ. ಅರ್ಧ ಮೀಟರು ಆಳದಲ್ಲಿ ಅದು ಸೆಕೆಂಡಿಗೆ 2.2 ಮೀಟರು, ಒಂದು ಮೀಟರು ಆಳದಲ್ಲಿ 3.1 ಮೀಟರು. ಉಂಗುರದ ಒಳಗೆ ನೀರಿನ ಓಟವು ಅಲೆಯ ಓಟಕ್ಕಿಂತ ಹೆಚ್ಚು, ಹೊರಗೆ ಕಡಿಮೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಬರುವಾಗ ನೀರು ಮೆಲ್ಲಗೆ ಬರಲಾರದು, ನೆಗೆದೇ ಬರಬೇಕು. ಇದಕ್ಕೆ ಜಲೋಲ್ಲಂಘನವೆನ್ನಬಹುದು.

ಹೊಳೆಯಲ್ಲಿ ಮುಳುಗಿದ ಬಂಡೆಯ ಮೇಲಿಂದ ತೆಳುವಾಗಿ ಇಳಿದ ನೀರು ಅದರ ಬುಡದಲ್ಲಿ ಹೀಗೆಯೇ ನೆಗೆಯುತ್ತದೆ. ಆದರೆ ಅಲ್ಲಿ ನೆಗೆತವು ಕಡಿದಾಗಿದ್ದು, ಮೇಲ್ಪದರದ ನೊರೆನೀರು ಬಂಡೆಯ ಕಡೆಗೆ ಹಿಂದಕ್ಕೆ ಉರುಳುತ್ತಿರುತ್ತದೆ. ತೇಲುವ ವಸ್ತುವು ಆ ತೊಟ್ಟಿಯಲ್ಲಿ ಸಿಕ್ಕಿದರೆ ಹಿಂದಕ್ಕೆಳೆದು, ಮುಳುಗಿಸಿ, ಮತ್ತೆ ಎತ್ತಿ, ಮತ್ತೆ ಹಿಂದಕ್ಕೆಳೆಯುತ್ತದೆ. ಮೇಲ್ಗಡೆಯಿಂದ ಬರುವವರಿಗೆ ಅಲ್ಲೊಂದು ನುಣುಪಾದ ದುಂಡು ಉಬ್ಬಲ್ಲದೆ ಬೇರೇನೂ ಕಾಣುವುದಿಲ್ಲ. ಸದ್ದು ಮಾಡುವ ಅಲೆಗಿಂತ ಈ ಮೌನದ ಉಬ್ಬಿಗೆ ಅಂಬಿಗರು ಹೆಚ್ಚು ಅಂಜುವರು. ಗಾಲ್ಫ್ ಕೋರ್ಸ್ ಎಂಬ ಮುಂದಿನ ಇಳುಕಲಿಗೆ ಆ ಹೆಸರು ಬಂದದ್ದು ಇಂಥ ಗುಳಿಗಳು ಅಲ್ಲಿ ಹಲವು ಇರುವುದರಿಂದಲೇ ಎನ್ನುತ್ತಾರೆ.

"ಲೈಫ್ ಜಾಕೆಟ್ಟು ಇರುವಾಗ ಮುಳುಗುವುದು ಹೇಗೆ?" ಎಂದು ನಮ್ಮವರೊಬ್ಬರು ಕೇಳಿದರು. ಆರ್ಕಿಮಿಡೀಸನ ತತ್ತ್ವವೇ ಇದಕ್ಕೆ ಉತ್ತರ ಹೇಳುತ್ತದೆ. 60 ಕಿಲೋ ತೂಗುವ ಮನುಷ್ಯನ ಗಾತ್ರವು ಸುಮಾರು 60 ಲೀಟರು. ಪೂರ್ತಿ ಮುಳುಗಿದರೆ ತನ್ನ ತೂಕದಷ್ಟೇ ನೀರನ್ನು ಸರಿಸುತ್ತಾನೆ. ಆದರೆ ನೊರೆಯಲ್ಲಿ ಹತ್ತರಲ್ಲಿ ಮೂರು ಪಾಲು ಗಾಳಿಯೆಂದು ಇಟ್ಟುಕೊಳ್ಳಿರಿ. ಆಗ 60 ಲೀಟರು ನೊರೆಯ ತೂಕ 42 ಕಿಲೋ ಮಾತ್ರ. 18 ಕಿಲೋ ಕೊರತೆ. ಜಾಕೆಟ್ಟಿನ ಗಾತ್ರ 8 ಲೀಟರಾದರೆ ಅದು ಎತ್ತಬಲ್ಲುದು ಐದೂವರೆ ಕಿಲೋ. ಅಂದರೆ ನೊರೆ ಯಾರನ್ನೂ ಹೊರಲಾರದು. ಬಿಳಿಯ ನೀರು ಮೆತ್ತೆಯಂತೆ ಕಂಡರೂ ಹೊರುವುದು ಹಸುರು ನೀರೇ. ಇದೇ ಕಾರಣದಿಂದ ಅಲೆಯೆದುರು ಹುಟ್ಟು ನಿಲ್ಲಿಸಬಾರದು: ಹಿಂದಕ್ಕುರುಳುವ ಪದರವನ್ನು ದಾಟಿ ಆಚೆಯ ಗಟ್ಟಿ ನೀರನ್ನು ಮುಟ್ಟುವಷ್ಟು ಓಟ ತೆಪ್ಪಕ್ಕೆ ಇರಬೇಕು. ಹುಟ್ಟಿನ ಅಲಗು ಕೂಡ ಆ ಆಳದ ನೀರನ್ನೇ ಹಿಡಿಯಬೇಕು.

ಬಂಡೆಯ ಕಡೆಗೆ ವಾಲುವ ಆಜ್ಞೆಯೂ ಹೀಗೆಯೇ. ತೆಪ್ಪವು ಅಡ್ಡಲಾಗಿ ಬಂಡೆಗೆ ತಗುಲಿದರೆ ಬಂಡೆಯ ಕಡೆಯ ಅಂಚು ಮೇಲೇರುತ್ತದೆ, ಮೇಲ್ಗಡೆಯ ಅಂಚು ತಗ್ಗುತ್ತದೆ. ಹೆದರಿದವರು ಬಂಡೆಯಿಂದ ಹಿಂದೆ ಸರಿದರೆ, ತಗ್ಗಿದ ಅಂಚು ಇನ್ನೂ ತಗ್ಗಿ ಹೊಳೆಯು ಅದರ ಮೇಲೆ ಹತ್ತುತ್ತದೆ. ಆಮೇಲೆ ತೆಪ್ಪವು ಒದ್ದೆ ಬಟ್ಟೆಯಂತೆ ಬಂಡೆಗೆ ಸುತ್ತಿಕೊಳ್ಳುತ್ತದೆ. ಎಲ್ಲರೂ ಬಂಡೆಯ ಕಡೆಗೇ ಬಿದ್ದರೆ ಮೇಲ್ಗಡೆಯ ಅಂಚು ಎದ್ದು, ನೀರು ಕೆಳಗಿನಿಂದ ನುಸುಳಿ ಹೋಗುತ್ತದೆ.

ಇನ್ನು ಎದ್ದು ನಿಲ್ಲಬಾರದೆಂಬ ಮಾತು. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಮಡಿ. ಅದರ ತಳ್ಳುವಿಕೆಯು ವೇಗದ ವರ್ಗದಂತೆ ಏರುತ್ತದೆ. ಹೊಳೆಗೆ ಒಡ್ಡಿದ ಕಾಲುಗಳ ವಿಸ್ತೀರ್ಣ ಚದರ ಮೀಟರಿನ ಹತ್ತನೆಯ ಒಂದು ಪಾಲು ಎಂದುಕೊಂಡರೆ, ಸೆಕೆಂಡಿಗೆ ಒಂದೂವರೆ ಮೀಟರು ವೇಗದಲ್ಲಿ ಹನ್ನೊಂದೂವರೆ ಕಿಲೋ ಭಾರದಷ್ಟು ತಳ್ಳುತ್ತದೆ. ವೇಗ ಇಮ್ಮಡಿಸಿದರೆ ತಳ್ಳುವುದು ನಾಲ್ಮಡಿ, 46 ಕಿಲೋ. ತಳದಲ್ಲಿ ಬಂಡೆಗಳ ಸಂದಿಯಿದೆ. ನಿಂತವನ ಪಾದ ಅದರಲ್ಲಿ ಸಿಕ್ಕಿದರೆ ಹೊಳೆಯು ಮೈಯನ್ನು ಮುಂದಕ್ಕೆ ಬಗ್ಗಿಸುತ್ತದೆ. ಬಗ್ಗಿದ ಮೈ ಒಡ್ಡುವ ವಿಸ್ತೀರ್ಣ ಅರ್ಧ ಚದರ ಮೀಟರಾದರೆ ಭಾರ 230 ಕಿಲೋ. ಎಂಥ ಬಲಶಾಲಿಯೂ ಅದರೆದುರು ತಲೆಯೆತ್ತಲಾರ. ಹೀಗೆ ತೊಡೆಯಾಳದ ನೀರಿನಲ್ಲಿ, ಜಾಕೆಟ್ಟು ತೊಟ್ಟು, ಈಜು ಬಲ್ಲವರೂ ಸತ್ತುದುಂಟು. ಆದುದರಿಂದ ಬಿದ್ದವನು ಅಂಗಾತ ಮಲಗಿ, ಕಾಲ್ಬೆರಳುಗಳು ನೀರಿನ ಮೇಲೆ ಕಾಣುವಂತೆ, ಪಾದಗಳನ್ನು ಕೆಳಗಡೆಗೆ ಚಾಚಿ ತೇಲಬೇಕು. ಎದುರಾದ ಬಂಡೆಯನ್ನು ಪಾದಗಳಿಂದ ಒದೆಯಬಹುದು. ಇದಕ್ಕೆ ಒಂದೇ ಅಪವಾದ, ಹೊಳೆಯಲ್ಲಿ ಬಿದ್ದ ಮರ. ಅದು ಜರಡಿಯಿದ್ದಂತೆ; ನೀರು ಹಾದುಹೋಗುತ್ತದೆ, ಮನುಷ್ಯನು ಹೋಗಲಾರ. ಅಲ್ಲಿ ತಪ್ಪಿಸಿಕೊಳ್ಳಲಾಗದಿದ್ದರೆ ಅಂಗಾತ ಬಿಟ್ಟು, ತಲೆ ಮುಂದಾಗಿ ಈಜಿ, ಕೊಂಬೆಯ ಮೇಲಕ್ಕೆ ಹತ್ತಬೇಕು.

ನಮ್ಮ ಸುತ್ತಮುತ್ತ ಇದನ್ನೆಲ್ಲ ನೋಡಬಯಸುವವರಿಗೆ ದಾಂಡೇಲಿಯ ಕಾಳೀ ನದಿಯುಂಟು. ಅಲ್ಲಿ ತೆಪ್ಪದ ಪಯಣವು ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ನೆಚ್ಚಿಕೊಂಡಿದೆ. ಗಂಗೆಯಲ್ಲಿಯೂ, ಭಾಗೀರಥಿಯ ಮೇಲಿನ ಟೆಹ್ರಿ ಅಣೆಕಟ್ಟು 2006ರಲ್ಲಿ ವಿದ್ಯುತ್ತನ್ನು ಕೊಡತೊಡಗಿದ ಮೇಲೆ, ನೀರಿನ ಮಟ್ಟವು ಹಿಮವನ್ನೂ ಮಳೆಯನ್ನೂ ಮಾತ್ರವೇ ಅನುಸರಿಸಿ ಏರಿಳಿಯುವುದಿಲ್ಲ. ನಿನ್ನೆಯ ಅಲೆ ಇಂದು ಗುಳಿಯಾಗಬಹುದು. ಹೊಳೆಯನ್ನು ದಿನವೂ ಹೊಸದಾಗಿ ಓದಬಲ್ಲ ಅಂಬಿಗನು ಬೇಕಾಗುವುದು ಇದಕ್ಕೇ.

ಗಾಲ್ಫ್ ಕೋರ್ಸಿನ ಮೂರನೆಯ ಅಲೆಯಲ್ಲಿ ಆ ವಿದ್ಯಾರ್ಥಿಯು ತೆಪ್ಪದಿಂದ ಎಗರಿ ಬಿದ್ದನು. ಏಪ್ರಿಲ್ ತಿಂಗಳಾದರೂ ನೀರು ಹಿಮದ್ದು. ತಣ್ಣನೆಯ ನೀರು ತಾಗಿದೊಡನೆ ಉಸಿರು ತಾನಾಗಿ ಒಳಕ್ಕೆ ಸೆಳೆಯುವುದರಿಂದ ಒಂದೆರಡು ಗುಟುಕು ಕುಡಿದಿರಬೇಕು. ಇಳುಕಲಿನ ಕೊನೆಯಲ್ಲಿ ಅವನ ಕಾಲಿಗೆ ಕಲ್ಲು ತಾಗಿತು. ಅವನು ಮಂಡಿ ಮಡಿಸಿ ಎದ್ದೇಳತೊಡಗಿದ್ದನ್ನು ನಾವೆಲ್ಲ ಕಂಡೆವು. "ಕಾಲು ಮೇಲೆ! ಕಾಲು ಮೇಲೆ!" ಎಂದು ಅಂಬಿಗನು ಕೂಗಿದ ಕೂಗು ಕಮರಿಯಲ್ಲಿ ಮರುದನಿಗೊಟ್ಟಿತು. ಹುಡುಗನು ಒಂದು ಕ್ಷಣ ತಡೆದು, ಮತ್ತೆ ಅಂಗಾತನಾದನು. ಅಂಬಿಗನು ತೆಪ್ಪವನ್ನು ಒಂದು ಹೆಬ್ಬಂಡೆಯ ಹಿಂದಕ್ಕೆ ತಿರುಗಿಸಿದನು. ಬಂಡೆಯ ಹಿಂದೆ ನೀರಿನ ಮಟ್ಟ ತಗ್ಗಾಗಿ, ಆ ತಗ್ಗನ್ನು ತುಂಬಲು ಹೊಳೆಯು ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಅಲ್ಲಿ ತೆಪ್ಪವು ಲಂಗರಿಲ್ಲದೆ ನಿಲ್ಲುತ್ತದೆ. ಅಲ್ಲಿಂದ ಎಸೆದ ಹಗ್ಗವನ್ನು ಹುಡುಗನು ಕಲಿಸಿದಂತೆಯೇ, ಕೈಗೆ ಸುತ್ತಿಕೊಳ್ಳದೆ, ಎದೆಗೆ ಅವಚಿ ಹಿಡಿದನು. ಜಾಕೆಟ್ಟಿನ ಹೆಗಲುಪಟ್ಟಿ ಹಿಡಿದು ಇಬ್ಬರು ಒಳಕ್ಕೆಳೆದುಕೊಂಡರು.

ಮೈ ನಡುಗುವುದು ನಿಂತ ಮೇಲೆ ಅವನು, ತಾನು ಏಳಹೊರಟ ಜಾಗದಲ್ಲಿ ಆಳವೆಷ್ಟಿತ್ತೆಂದು ಕೇಳಿದನು. ಅಂಬಿಗನು ಮಾತನಾಡದೆ ತನ್ನ ಹುಟ್ಟನ್ನು ತೆಪ್ಪದ ತಳದ ಮೇಲೆ ನೆಟ್ಟಗೆ ನಿಲ್ಲಿಸಿ, ಅಲಗಿನ ತುದಿಯಿಂದ ಎರಡಡಿ ಮೇಲೆ ಬೆರಳಿಟ್ಟು ತೋರಿಸಿದನು.