ಮೊದಲು ಬೆರಳು, ಆಮೇಲೆ ಸ್ಕ್ಯಾನ್: ದವಡೆ ಕೀಲು ನೋಡುವವರಿಗೆ ಯಶಸ್ಸಿನ ಸೂತ್ರಗಳು

ಚೆನ್ನೈನಲ್ಲಿ ಬಿಡಿಎಸ್ ಮುಗಿಸಿ ಎಗ್ಮೋರಿನ ಕ್ಲಿನಿಕ್ಕುಗಳಲ್ಲಿ ಕೆಲಸ ಶುರುಮಾಡಿದ ಕನ್ನಡದ ಹುಡುಗ ಹುಡುಗಿಯರಿಗೆ ಈ ಮಾತು. ನಿಮಗೆ ಸೌಲಭ್ಯದ ಕೊರತೆಯಿಲ್ಲ. 1953ರಲ್ಲಿ ಶುರುವಾದ ಸರ್ಕಾರಿ ದಂತ ಆಸ್ಪತ್ರೆಗೆ ಲೋಕಲ್ ರೈಲು ಹತ್ತಿದರೆ ಪಾರ್ಕ್ ದಾಟಿ ಫೋರ್ಟ್‌ನಲ್ಲಿ ಇಳಿದರಾಯಿತು. ಯಾವ ರೋಗಿಗೆ ಯಾವ ಚಿತ್ರ ಬೇಕು ಎಂಬ ತೀರ್ಮಾನ ಮಾತ್ರ ನಿಮ್ಮದೇ.

1. ಮುಟ್ಟಿ ನೋಡದೆ ಸ್ಕ್ಯಾನ್ ಬರೆಯಬೇಡಿ. ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಸಿ, ಮುಚ್ಚಿಸಿ. ಕೀಲು ‘ಕಟ್’ ಎನ್ನುತ್ತದೆಯೋ, ಮರಳು ಉಜ್ಜಿದ ಹಾಗೆ ಕರಕರ ಎನ್ನುತ್ತದೆಯೋ? ಗದ್ದ ಯಾವ ಕಡೆಗೆ ವಾಲುತ್ತದೆ? ಬಾಚಿಹಲ್ಲುಗಳ ನಡುವೆ ಸ್ಕೇಲ್ ಇಟ್ಟು ಅಳೆಯಿರಿ. ದೊಡ್ಡವರಲ್ಲಿ 40 ಮಿ.ಮೀ.ಗಿಂತ ಕಡಿಮೆ ತೆರೆದರೆ ಕಾರಣ ಹುಡುಕಬೇಕು. ರಾತ್ರಿ ಹಲ್ಲು ಕಡಿಯುವವರ ನೋವು ಎಷ್ಟೋ ಸಲ ಕೀಲಿನದ್ದಲ್ಲ, ಸ್ನಾಯುವಿನದ್ದು. ಅದನ್ನು ಹಿಡಿಯುವುದು ಬೆರಳು, ಎಕ್ಸ್‌ರೇ ಅಲ್ಲ.

2. ಕೆನ್ನೆಯ ಒಳಭಾಗ ನೋಡಿ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಒಳಪದರ ಬಿಳಿಚಿ, ಗಟ್ಟಿಯಾಗಿ, ಬಾಯಿ ಬಿಗಿಯುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಇದು, ಕ್ಯಾನ್ಸರಿಗೆ ತಿರುಗಬಲ್ಲದು. ಇಂಥವರನ್ನು ಕೀಲಿನ ಎಂಆರ್‌ಐಗೆ ಕಳಿಸಿದರೆ ದುಡ್ಡೂ ಹೋಯಿತು, ಅದಕ್ಕಿಂತ ದುಬಾರಿಯಾದ ಸಮಯವೂ ಹೋಯಿತು.

3. ಓಪಿಜಿಯನ್ನು ಮೊದಲ ಮೆಟ್ಟಿಲಾಗಿ ಬಳಸಿ, ಕೊನೆಯ ಮಾತಾಗಿ ಅಲ್ಲ. ಕೊಳೆತ ಬುದ್ಧಿಹಲ್ಲು, ಮುರಿದ ಕಾಂಡೈಲ್, ಎಡಬಲದ ದೊಡ್ಡ ವ್ಯತ್ಯಾಸ ಇದರಲ್ಲಿ ಕಾಣುತ್ತವೆ. ಆದರೆ ತಲೆಬುರುಡೆಯ ಮೂಳೆಗಳ ನೆರಳು ಕೀಲಿನ ಮೇಲೆ ಬೀಳುತ್ತದೆ. ತಲೆ ಸ್ವಲ್ಪ ಓರೆಯಾದರೂ ಕಾಂಡೈಲಿನ ಆಕಾರ ಬೇರೆಯಾಗಿ ಕಾಣುತ್ತದೆ. ಸಣ್ಣ ಸವೆತ ಓಪಿಜಿಯಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಕೀಲು ಚೆನ್ನಾಗಿದೆ ಎನ್ನಲಾಗದು.

4. ಸಂಶಯ ಮೂಳೆಯ ಮೇಲಿದ್ದರೆ ಸಿಬಿಸಿಟಿ, ಡಿಸ್ಕಿನ ಮೇಲಿದ್ದರೆ ಎಂಆರ್‌ಐ. ಇಡೀ ವಿಷಯದ ತಿರುಳು ಇಲ್ಲಿದೆ. ಕಾಂಡೈಲ್ ಚಪ್ಪಟೆಯಾಗಿದೆಯೇ, ಸವೆದಿದೆಯೇ, ಅಂಚಿನಲ್ಲಿ ಮುಳ್ಳು ಬೆಳೆದಿದೆಯೇ ಎಂಬುದನ್ನು ಸಿಬಿಸಿಟಿ ಚೆನ್ನಾಗಿ ತೋರಿಸುತ್ತದೆ. ಅದರ ಹೋಳುಗಳನ್ನು ಕಾಂಡೈಲಿನ ಉದ್ದದ ಅಕ್ಷಕ್ಕೆ ಹೊಂದಿಸಿಯೇ ನೋಡಿ, ಇಲ್ಲದಿದ್ದರೆ ಇಲ್ಲದ ಸವೆತ ಇದ್ದಂತೆ ಕಂಡೀತು. ಡಿಸ್ಕ್ ಮಾತ್ರ ಸಿಬಿಸಿಟಿಗೆ ಕಾಣುವುದೇ ಇಲ್ಲ. ಬಾಯಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ತೆಗೆದ ಎಂಆರ್‌ಐನಲ್ಲಿ ಅದರ ನಡೆ ಗೊತ್ತಾಗುತ್ತದೆ. ಮುಂದೆ ಜಾರಿದ ಡಿಸ್ಕ್ ಬಾಯಿ ತೆರೆದಾಗ ಸ್ವಸ್ಥಾನಕ್ಕೆ ಮರಳಿದರೆ ‘ಕಟ್’ ಶಬ್ದ. ಮರಳದೆ ಅಡ್ಡ ನಿಂತರೆ ಬಾಯಿ ಲಾಕ್. “ಶಬ್ದ ನಿಂತೇ ಹೋಯ್ತು ಡಾಕ್ಟ್ರೇ, ವಾಸಿ ಆಯ್ತು” ಎನ್ನುವ ರೋಗಿಯ ಬಾಯಲ್ಲಿ ಎರಡೇ ಬೆರಳು ಹಿಡಿದರೆ ಖುಷಿಪಡಬೇಡಿ. ರೋಗ ಒಂದು ಹೆಜ್ಜೆ ಮುಂದೆ ಹೋಗಿರಬಹುದು.

5. ಚೀಟಿಯಲ್ಲಿ ಬರೀ ‘ಟಿಎಂಜೆ ಸ್ಕ್ಯಾನ್’ ಎಂದು ಗೀಚಬೇಡಿ. ಯಾವ ಕಡೆ ನೋವು, ಎಷ್ಟು ತಿಂಗಳಿಂದ, ಬಾಯಿ ಎಷ್ಟು ಮಿ.ಮೀ. ತೆರೆಯುತ್ತದೆ, ನಿಮಗಿರುವ ಸಂಶಯವೇನು, ಎಲ್ಲ ಇರಲಿ. ‘ಎರಡೂ ಕೀಲು, ಬಾಯಿ ಮುಚ್ಚಿ ಮತ್ತು ತೆರೆದು’ ಎಂದು ಸ್ಪಷ್ಟವಾಗಿ ಕೇಳಿ. ಫಿಲ್ಮ್ ಸಾಲದು, ಡೈಕಾಮ್ ಫೈಲುಗಳನ್ನೂ ತರಿಸಿಕೊಳ್ಳಿ.

6. ಮಕ್ಕಳ ಗದ್ದದ ಗಾಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಗ್ಮೋರಿನ ಹಾಲ್ಸ್ ರಸ್ತೆಯಲ್ಲಿ ಮಕ್ಕಳ ದೊಡ್ಡ ಸರ್ಕಾರಿ ಆಸ್ಪತ್ರೆ ಇನ್‌ಸ್ಟಿಟ್ಯೂಟ್ ಆಫ್ ಚೈಲ್ಡ್ ಹೆಲ್ತ್ ಇದೆ. ಈ ಬೀದಿಗಳಲ್ಲಿ ಮಗುವನ್ನು ಎತ್ತಿಕೊಂಡ ತಾಯಂದಿರು ದಿನವೂ ಕಾಣುತ್ತಾರೆ. ಬಿದ್ದು ಗದ್ದ ಒಡೆದುಕೊಂಡ ಮಗುವಿಗೆ ಹೊಲಿಗೆ ಹಾಕಿ ಕಳಿಸಿದರೆ, ಒಳಗೆ ಮುರಿದ ಕಾಂಡೈಲ್ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಮುಂದೆ ಕೀಲು ಬುರುಡೆಗೇ ಬೆಸೆದುಕೊಂಡರೆ ಬಾಯಿ ತೆರೆಯದು, ದವಡೆ ಬೆಳೆಯದು, ಮುಖ ಸೊಟ್ಟಗಾಗುತ್ತದೆ. ಮಕ್ಕಳ ಸಂಧಿವಾತ ಇನ್ನೂ ಮೋಸದ್ದು: ನೋವೇ ಇಲ್ಲದೆ ಕೀಲನ್ನು ತಿನ್ನಬಲ್ಲದು, ಅದನ್ನು ಬೇಗ ಹಿಡಿಯುವುದು ಕಾಂಟ್ರಾಸ್ಟ್ ಎಂಆರ್‌ಐ. ಮಕ್ಕಳಿಗೆ ಸಿಬಿಸಿಟಿ ಬೇಕೇ ಬೇಕಾದರೆ ಬೇಕಾದಷ್ಟೇ ಜಾಗಕ್ಕೆ, ಕಡಿಮೆ ವಿಕಿರಣದಲ್ಲಿ ತೆಗೆಸಿ.

7. ರಿಪೋರ್ಟಿಗೆ ಚಿಕಿತ್ಸೆ ಕೊಡಬೇಡಿ. ಯಾವ ತೊಂದರೆಯೂ ಇಲ್ಲದ ಜನರ ಎಂಆರ್‌ಐ ತೆಗೆದಾಗಲೂ ಸುಮಾರು ಮೂರರಲ್ಲಿ ಒಬ್ಬರ ಡಿಸ್ಕ್ ಜಾರಿರುವುದು ಕಂಡುಬಂದಿದೆ. ನೋವಿಲ್ಲ, ಊಟಕ್ಕೆ ಅಡ್ಡಿಯಿಲ್ಲ, ಬರೀ ಶಬ್ದವಿದೆ ಎಂದರೆ ಧೈರ್ಯ ಹೇಳಿ ಕಳಿಸಿ. ರಿಪೋರ್ಟ್ ತೋರಿಸಿ ಹೆದರಿಸಿ ಶಸ್ತ್ರಚಿಕಿತ್ಸೆಗೆ ಒಪ್ಪಿಸುವುದು ಅನ್ಯಾಯ.

8. ಪದೇ ಪದೇ ಸ್ಕ್ಯಾನ್ ಬೇಡ. ಮೆತ್ತನೆಯ ಊಟ, ಬಿಸಿ ಶಾಖ, ವ್ಯಾಯಾಮ, ಬೇಕಿದ್ದರೆ ಸ್ಪ್ಲಿಂಟ್ ಕೊಟ್ಟು ಕೆಲವು ವಾರ ಬಿಟ್ಟು ಕರೆಯಿರಿ. ಬಂದಾಗ ಅದೇ ಸ್ಕೇಲ್, ಅದೇ ಎರಡು ಬಾಚಿಹಲ್ಲು. 28 ಇದ್ದದ್ದು 36 ಆಗಿದ್ದರೆ ಕಾರ್ಡಿನಲ್ಲಿ ಬರೆದು ರೋಗಿಗೂ ತೋರಿಸಿ. ಒಂದು ಮಿ.ಮೀ. ಕೂಡ ಏರದೆ ನೋವು ಹೆಚ್ಚಿದ್ದರೆ, ಇನ್ನೊಂದು ಸ್ಕ್ಯಾನ್ ಬರೆಯುವ ಮೊದಲು ಹಳೆಯ ಫೈಲುಗಳ ಜೊತೆ ಬಾಯಿ-ದವಡೆ ಶಸ್ತ್ರಚಿಕಿತ್ಸಕರ ಬಳಿ ಕಳಿಸಿ.